ಗಿರಣಿಯ ಅವಳಿಗಳು ಮತ್ತು ಸಕ್ಕರೆಯ ಬಣ್ಣ

ಈಗ ಲ್ಯಾಬಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುವುದಿಲ್ಲ ಎಂದರೆ ಸುಳ್ಳು ಹೇಳಿದ ಹಾಗೆ. ಒಂದು ತೊಟ್ಟು ರಕ್ತ ಕೊಟ್ಟರೆ ಯಂತ್ರವೇ ಲೆಕ್ಕ ಹಾಕಿ ಚೀಟಿ ಉಗುಳುತ್ತದೆ, ಇವರು ಹರಿದು ಕೊಡುತ್ತಾರೆ. ಅಯ್ಯೋ ಮಕ್ಕಳೇ, ನಿಮಗೆ ಏನು ತಪ್ಪಿಹೋಯಿತು ಗೊತ್ತೇ? ಸ್ಪಿರಿಟ್ ದೀಪದ ಮೇಲೆ ಟೆಸ್ಟ್ ಟ್ಯೂಬ್ ಆಡಿಸುತ್ತ, ಈಗ ಯಾವ ಬಣ್ಣ ಬರುತ್ತದೋ ಎಂದು ಉಸಿರು ಬಿಗಿಹಿಡಿದು ನಿಲ್ಲುವ ಆ ಎರಡು ನಿಮಿಷ! ನಾನು ಇಷ್ಟು ವರ್ಷ ನೌಕರಿಗೆ ಹೋದದ್ದೇ ಆ ಎರಡು ನಿಮಿಷಕ್ಕಾಗಿ. ನಿವೃತ್ತಿಯ ದಿನ ಹಾರ ಹಾಕಿದರು, ಭಾಷಣ ಮಾಡಿದರು. ಯಾರು ಏನು ಮಾತಾಡಿದರೋ ಒಂದಕ್ಷರವೂ ನೆನಪಿಲ್ಲ. ಆ ಅವಳಿ ಅಣ್ಣತಮ್ಮಂದಿರನ್ನು ಮಾತ್ರ ಮರೆಯಲು ಆಗಿಲ್ಲ. ಈ ಕೆಲಸಕ್ಕೆ ಬರುವವರಿಗೆ ಅವರ ಕಥೆ ಹೇಳಲೇಬೇಕು, ನನ್ನ ಮಾನ ಹೋದರೂ ಅಡ್ಡಿಯಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹುಬ್ಬಳ್ಳಿಯ ಒಂದು ಬಟ್ಟೆ ಗಿರಣಿಯ ದವಾಖಾನೆಯಲ್ಲಿ ನನಗೆ ಲ್ಯಾಬ್ ಕೆಲಸ ಸಿಕ್ಕಿತು. ಗಿರಣಿಯ ಹೆಸರು ಬೇಡ. ಧಾರವಾಡದ ನಮ್ಮ ಮನೆಯಿಂದ ಬೆಳಗಿನ ರೈಲಿಗೆ ಬರುತ್ತಿದ್ದೆ, ಸಂಜೆಯ ರೈಲಿಗೆ ಮರಳುತ್ತಿದ್ದೆ. ಇಪ್ಪತ್ತೆರಡರ ಹುಡುಗಿ, ಮೂಗಿನ ತುದಿಯಲ್ಲಿ ಸಿಟ್ಟು. ಸಾವಿರಾರು ಗಂಡಸರು ದುಡಿಯುವ ಜಾಗದಲ್ಲಿ ಅವರ ಮೂತ್ರ ತಪಾಸಣೆ ಮಾಡುವವಳು ನಾನೊಬ್ಬಳೇ! ನಮ್ಮವ್ವ ನೆರೆಹೊರೆಯವರ ಮುಂದೆ "ನಮ್ಮ ಶಾಂತಾ ಔಷಧದ ಕೆಲಸಾ ಮಾಡತಾಳ" ಎಂದಷ್ಟೇ ಹೇಳಿ ಮಾತು ಹಾರಿಸುತ್ತಿದ್ದಳು.

ಗಿರಣಿಯ ಗಂಡಸರ ಸಂಕೋಚವಂತೂ ಕೇಳಬೇಡಿ. ಮಗ್ಗದ ಗದ್ದಲದಲ್ಲಿ ಹುಲಿಗಳ ಹಾಗೆ ಕೂಗಾಡುವವರು ನನ್ನ ಕಿಟಕಿಯ ಹತ್ತಿರ ಬಂದರೆ ಹೊಸ ಮದುಮಗಳ ಹಾಗೆ ತಲೆ ತಗ್ಗಿಸುತ್ತಿದ್ದರು. ಬಾಟಲಿಯನ್ನು ನನ್ನ ಕೈಗೆ ಕೊಡುವ ಮಾತೇ ಇಲ್ಲ. ಹಳೆಯ ಪೇಪರಿನಲ್ಲಿ ಸುತ್ತಿ, ಅಂಗಿಯೊಳಗೆ ಬಚ್ಚಿಟ್ಟು ತಂದು, ಕಿಟಕಿಯ ಕಟ್ಟೆಯ ಮೇಲೆ ಇಡುವುದು. ಪಕ್ಕದಲ್ಲಿ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ಇಡುವುದು. ಆಮೇಲೆ ಬೆನ್ನು ತಿರುಗಿಸಿ ಬೇವಿನ ಮರ ನೋಡುತ್ತ ನಿಲ್ಲುವುದು. ಇದು ಯಾರೂ ಬರೆಯದ ನಿಯಮ. ನಾನೂ ಮುಖಕ್ಕಿಂತ ಬಿಲ್ಲೆಯನ್ನೇ ಹೆಚ್ಚು ನಂಬುತ್ತಿದ್ದೆ.

ತಪಾಸಣೆ ಬಹಳ ಸರಳ. ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣ ಒಂದಿಷ್ಟು, ಅದಕ್ಕೆ ಎಂಟು ಹನಿ ಮೂತ್ರ, ಎರಡು ನಿಮಿಷ ಕುದಿ. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಇಟ್ಟಿಗೆಯ ಕೆಂಪು ಬಂದರೆ ರೋಗ ಬಲಿತಿದೆ ಎಂದರ್ಥ. ಕೆಂಪು ಬಂದವನ ನೌಕರಿ ಅಲುಗಾಡುತ್ತಿತ್ತು. ಹೀಗಾಗಿ ಮೋಸಗಳೂ ನಡೆಯುತ್ತಿದ್ದವು. ಒಬ್ಬ ಹೆಂಡತಿಯದನ್ನು ತಂದ. ಇನ್ನೊಬ್ಬ ಮಹಾಶಯ ನೀರಿಗೆ ಅರಿಶಿಣ ಕದಡಿ ತಂದಿಟ್ಟ! ನಮ್ಮ ದ್ರಾವಣದಲ್ಲಿ ಸುಣ್ಣದ ಹಾಗೆ ಕ್ಷಾರ ಇರುತ್ತದೆ. ಅರಿಶಿಣಕ್ಕೆ ಸುಣ್ಣ ಸೋಕಿದರೆ ಏನಾಗುತ್ತದೆಂದು ಹೆಂಗಸರಾದ ನಮಗೆ ಯಾರೂ ಕಲಿಸಬೇಕಿಲ್ಲ. ದೀಪ ಹಚ್ಚುವ ಮೊದಲೇ ಟ್ಯೂಬು ಕೆಂಪುಗಂದಾಗಿ ಹೋಯಿತು. ಸಕ್ಕರೆ ಇಲ್ಲದಿದ್ದರೂ ತಾನೇ ಕೆಂಪು ಬರಿಸಿಕೊಂಡ ಪುಣ್ಯಾತ್ಮ! ಬಿದ್ದು ಬಿದ್ದು ನಕ್ಕೆ. ಆದರೆ ಅಂದಿನಿಂದ ಪ್ರತಿಯೊಬ್ಬನನ್ನೂ ಕಳ್ಳನೆಂದೇ ನೋಡುವ ಚಾಳಿ ಅಂಟಿತು.

ನಮ್ಮ ಡಾಕ್ಟರು ಇನಾಮದಾರ ಅವರು. ದೊಡ್ಡ ಹೊಟ್ಟೆ, ಕೋಟಿನ ಜೇಬಿನಲ್ಲಿ ನಶ್ಯದ ಡಬ್ಬಿ, ತಲೆ ತುಂಬ ಪ್ರಶ್ನೆ. ಒಳ್ಳೆಯ ಬಣ್ಣ ಬಂದರೆ ಊಟ ಬಿಟ್ಟು ಎದ್ದು ಬರುವ ಮನುಷ್ಯ. ಬೈದರೆ ಒಂದು ಮೈಲು ದೂರ ಕೇಳಿಸುತ್ತಿತ್ತು, ಕಲಿಸಿದರೆ ಹಸಿವೆ ಮರೆಯುತ್ತಿತ್ತು. ಸಕ್ಕರೆ ರೋಗದ ಬಗ್ಗೆ ಅವರದು ಒಂದೇ ಮಾತು: "ಇದು ಮನೆತನದ ರೋಗ, ಶಾಂತಾ. ರಕ್ತದಾಗ ಬರತದ. ಅಪ್ಪಗಿದ್ರ ಮಗಗ, ಅಣ್ಣಗಿದ್ರ ತಮ್ಮಗ." ಅವರು ಹೇಳಿದರೆಂದರೆ ನನಗೆ ಅದು ವೇದವಾಕ್ಯ.

ಹೀಗಿರುವಾಗ ರಾಮಪ್ಪ ಬಂದ. ನವಲಗುಂದದ ಕಡೆಯ ಹಳ್ಳಿಯವನು, ಹತ್ತು ಹನ್ನೆರಡು ವರ್ಷದಿಂದ ಗಿರಣಿಯಲ್ಲಿದ್ದ. ಸ್ಟೂಲಿನ ಮೇಲೆ ಕೂತು ಬಟ್ಟೆಯ ಥಾನುಗಳಿಗೆ ಮುದ್ರೆ ಒತ್ತುವ ಕೆಲಸ. ಬಂದಾಗ ಕಡ್ಡಿಯಂತಿದ್ದವನು ಈಗ ಡೊಳ್ಳು ಹೊಟ್ಟೆಯವನಾಗಿದ್ದ. ಆದರೆ ಆರು ತಿಂಗಳಿಂದ ಬಾಯಾರಿಕೆ, ಸುಸ್ತು, ಸೊರಗಿದ ಮುಖ. ಅವನ ಟ್ಯೂಬು ಕುದಿಯುತ್ತಿದ್ದ ಹಾಗೆಯೇ ಹಸಿರು, ಹಳದಿ ದಾಟಿ ಇಟ್ಟಿಗೆಯ ಕೆಂಪಿಗೆ ಬಂದು ನಿಂತಿತು. ಡಾಕ್ಟರು ಅವನಿಗೆ ಹಳ್ಳಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದರು. ಗಿರಣಿಯಲ್ಲಿ ಬದಲಿ ಎಂಬ ಪದ್ಧತಿ ಇತ್ತು. ಕೆಲಸಗಾರ ಬಹಳ ದಿನ ಬರಲಾಗದಿದ್ದರೆ ತನ್ನ ಮನೆಯವನೊಬ್ಬನನ್ನು ತನ್ನ ಬಿಲ್ಲೆ ಕೊಟ್ಟು ಕಳಿಸಬಹುದು. ದವಾಖಾನೆಯಲ್ಲಿ ಪಾಸಾದರೆ ಆ ಜಾಗ ಮನೆಯಲ್ಲಿಯೇ ಉಳಿಯುತ್ತದೆ. ಆ ಮನೆಗೆ ಈ ನೌಕರಿಯೊಂದೇ ಆಧಾರ, ಉಳಿದದ್ದು ಆಕಾಶ ನೋಡುವ ಹೊಲ.

ಎಂಟು ದಿನದ ಮೇಲೆ ಕಿಟಕಿಯ ಕಟ್ಟೆಯ ಮೇಲೆ ಮತ್ತೆ ಅದೇ ಬಿಲ್ಲೆ. ತಲೆಯೆತ್ತಿದೆ. ಅದೇ ಮುಖ, ಅದೇ ಮೂಗು, ಅದೇ ಕಿವಿ; ಸ್ವಲ್ಪ ತೆಳ್ಳಗಾದಂತಿದೆ, ಅಷ್ಟೇ. ಟ್ಯೂಬು ಕುದಿಸಿದೆ. ನೀಲಿ! ಅಪ್ಪಟ ನೀಲಿ! ನನ್ನ ಪಿತ್ತ ನೆತ್ತಿಗೇರಿತು.

"ಇದು ಯಾರ್ದು?" ಎಂದೆ.

ಅವನು ಬೇವಿನ ಮರದ ಕಡೆ ನೋಡುತ್ತಲೇ "ನಂದ್ರಿ ಬಾಯಾರ" ಎಂದ.

"ನಿಂದಾ? ಹೋದ ವಾರ ಕೆಂಪು, ಈ ವಾರ ನೀಲಿ? ನಾ ಏನ ಹುಚ್ಚಿ ಅಂತ ತಿಳಕೊಂಡೀಯೇನು?"

"ಹೋದ ವಾರ ನಾ ಊರಾಗ ಇದ್ದೇನ್ರಿ, ಹೊಲದಾಗ. ಅದು ನಮ್ಮಣ್ಣಂದ್ರಿ..."

"ಹಾಂ! ಅಣ್ಣಂದ ಬಾಟ್ಲಿ ತಂದ ಇಟ್ಟೀಯಾ? ಒಪ್ಪಿಕೊಂಡ್ಯಲ್ಲ, ಸಾಕು!"

ಅವನ ಮುಖ ಕೆಂಪಾಯಿತು. ಹೆಂಗಸಿನ ಎದುರು ಈ ವಿಷಯ ಬಿಡಿಸಿ ಹೇಳುವುದಾದರೂ ಹೇಗೆಂದು ಒದ್ದಾಡಿದ. ತಪ್ಪು ಮಾಡಿದವನೇ ಹೀಗೆ ಒದ್ದಾಡುತ್ತಾನೆಂದು ನನಗೆ ಪೂರ್ತಿ ಖಾತ್ರಿಯಾಯಿತು. ಕಿಟಕಿ ದಢಾರನೆ ಮುಚ್ಚಿದೆ. ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ 'ಮೋಸ' ಎಂದು ಬರೆದು ಬಿಲ್ಲೆಯ ಜೊತೆ ಗಿರಣಿಯ ಆಫೀಸಿಗೆ ಕಳಿಸಿದೆ. ಆಫೀಸಿನವರು ಬಿಲ್ಲೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಮರುದಿನ ಕಿಟಕಿ ತೆರೆದೆ. ಹೊರಗೆ ಇಬ್ಬರು ರಾಮಪ್ಪಂದಿರು! ಒಬ್ಬ ದಪ್ಪ, ಒಬ್ಬ ತೆಳು, ಮುಖ ಮಾತ್ರ ಒಂದೇ ಅಚ್ಚಿನದು. ತಮ್ಮ ಬರುವ ತನಕ ಕಾದು ಊರಿಗೆ ಹೊರಟಿದ್ದ ರಾಮಪ್ಪ ಸುದ್ದಿ ಕೇಳಿ ಗಂಟುಮೂಟೆ ಅಲ್ಲಿಯೇ ಬಿಟ್ಟು ಬಂದಿದ್ದ.

"ಬಾಯಾರ, ಇಂವಾ ನನ್ನ ತಮ್ಮ, ಲಕ್ಷ್ಮಣ. ಜೋಡಿ ಹುಟ್ಟೇವ್ರಿ. ಬದಲಿ ಅಂತ ಕಳಿಸಿದ್ದೆ. ಅವನ ಮ್ಯಾಲೆ ಸಿಟ್ಟಾಗಬ್ಯಾಡ್ರಿ, ಅವಗ ಮಾತ ಬರೂದಿಲ್ಲ," ಎಂದ.

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆಫೀಸಿಗೆ ನಾನೇ ಹೋದೆ. ಅಲ್ಲಿಯ ಅಧಿಕಾರಿ ನನ್ನ ಕಾಗದ ಹಿಡಿದು ಎಲ್ಲರಿಗೂ ಕೇಳುವ ಹಾಗೆ "ಬಾಯಾರ, ಮುಂದಿನ ಸಲ ಮೂತ್ರಕ್ಕಿಂತ ಮೊದಲ ಮನಷ್ಯಾನ್ನ ನೋಡ್ರಿ" ಎಂದ. ಗುಮಾಸ್ತರೆಲ್ಲ ನಕ್ಕರು. ಕಣ್ಣಲ್ಲಿ ನೀರು ಬಂತು, ಆದರೆ ಬಿಲ್ಲೆ ಇಸಿದುಕೊಂಡೇ ಹಿಂತಿರುಗಿದೆ. ಲಕ್ಷ್ಮಣನಿಗೆ ಕೆಲಸ ಸಿಕ್ಕಿತು. ಅವನು ನನಗೆ ಕೈ ಮುಗಿದ! ಮುಗಿಯಬೇಕಾದವಳು ನಾನು.

ಇನಾಮದಾರ ಡಾಕ್ಟರಿಗೆ ಈ ಸುದ್ದಿ ಹೇಳಿದೆನೋ ಇಲ್ಲವೋ, ಕುರ್ಚಿಯಿಂದ ಜಿಗಿದರು. "ಏ ಶಾಂತಾ! ಇಬ್ಬರೂ ಒಂದ ತತ್ತಿಯಿಂದ ಒಡದವ್ರು! ಒಂದ ರಕ್ತ! ಹಂಗಿದ್ರ ಒಬ್ಬಂದು ಕೆಂಪು, ಒಬ್ಬಂದು ನೀಲಿ ಹ್ಯಾಂಗ? ನಾ ಇಷ್ಟ ವರ್ಷ ಹೇಳಿದ್ದೆಲ್ಲಾ ಏನ ಆತು?" ಅದೇ ದಿನ ಇಬ್ಬರ ರಕ್ತದ ಗುಂಪು ನೋಡಿಸಿದರು. ಇಬ್ಬರದೂ ಬಿ. ಕಿವಿಯ ಹಾಲೆ ಅಳೆದರು, ಹಲ್ಲು ಎಣಿಸಿದರು, ತಲೆಯ ಸುಳಿ ನೋಡಿದರು. ಆಮೇಲೆ ಇಬ್ಬರನ್ನೂ ಕೂಡಿಸಿಕೊಂಡು ಪ್ರಶ್ನೆಗಳ ಮಳೆ: ಏನು ಉಣ್ಣುತ್ತೀ, ಎಷ್ಟು ನಡೆಯುತ್ತೀ, ಎಷ್ಟೊತ್ತಿಗೆ ಮಲಗುತ್ತೀ? ಒಬ್ಬನದು ಜೋಳದ ರೊಟ್ಟಿ, ಪಲ್ಯ, ದಿನವಿಡೀ ಎರೆ ಹೊಲದಲ್ಲಿ ಎತ್ತುಗಳ ಹಿಂದೆ ನಡಿಗೆ. ಇನ್ನೊಬ್ಬನದು ಕ್ಯಾಂಟೀನಿನ ಅನ್ನ, ಭಜಿ, ವಾರಕ್ಕೊಮ್ಮೆ ಬದಲಾಗುವ ಪಾಳಿ, ಹನ್ನೆರಡು ವರ್ಷ ಸ್ಟೂಲಿನ ಮೇಲೆ. ಒಬ್ಬ ಊರು ಬಿಟ್ಟು ಬಂದದ್ದೊಂದೇ ಇಬ್ಬರ ನಡುವೆ ಇದ್ದ ವ್ಯತ್ಯಾಸ.

ಅಂದು ರೈಲಿನಲ್ಲಿ ಕೂತವಳಿಗೆ ಧಾರವಾಡ ಬಂದದ್ದೇ ಗೊತ್ತಾಗಲಿಲ್ಲ. ಯಾವ ಪುಸ್ತಕದಲ್ಲಿಯೂ ಓದದ ಸಂಗತಿ ನನ್ನ ಕಿಟಕಿಯ ಕಟ್ಟೆಯ ಮೇಲೆ ಬಂದು ಕೂತಿತ್ತು. ಮೈಯೆಲ್ಲ ಜುಮ್ಮೆನ್ನುತ್ತಿತ್ತು.

ಅಣ್ಣ ಹಳ್ಳಿಗೆ ಹೋದ, ತಮ್ಮ ಗಿರಣಿಗೆ ಬಂದ. ಡಾಕ್ಟರು ಹೇಳಿದ್ದು ವಿಶ್ರಾಂತಿ. ಆದರೆ ತಮ್ಮ ಬಿಟ್ಟುಹೋದ ಹೊಲವನ್ನು ನೋಡುವವರು ಯಾರು? ರಾಮಪ್ಪ ನೇಗಿಲು ಹಿಡಿದ. ತಿಂಗಳಿಗೊಮ್ಮೆ ಸಂತೆಗೆ ಬಂದಾಗ ಬಾಟಲಿ ಇಟ್ಟು ಹೋಗುತ್ತಿದ್ದ. ಮೊದಲು ಕೆಂಪು. ಮುಂದಿನ ತಿಂಗಳು ಕಿತ್ತಳೆ. ಆಮೇಲೆ ಹಳದಿ. ನಾನು ಆ ಬಣ್ಣಗಳನ್ನು ಮಳೆಯ ಮೊದಲ ಮೋಡ ನೋಡುವವರ ಹಾಗೆ ನೋಡುತ್ತಿದ್ದೆ. ಹಸಿರು ಬಂದ ತಿಂಗಳು ಡಾಕ್ಟರು "ನಡಿ, ಅವರ ಊರಿಗೇ ಹೋಗೂಣು!" ಎಂದರು.

ಬಸ್ಸು ಇಳಿದ ಮೇಲೆ ಚಕ್ಕಡಿ. ಹಿಂದಿನ ದಿನ ಮಳೆಯಾಗಿ ಎರೆ ಮಣ್ಣು ಅಂಟಂಟಾಗಿತ್ತು. ಡಾಕ್ಟರ ಭಾರಕ್ಕೆ ಎತ್ತುಗಳು ಎರಡು ಸಲ ನಿಂತವು. ಇಳಿದು ನಡೆಯಿರಿ ಎಂದರೆ ಬೂಟು ಕೆಸರಿನಲ್ಲಿಯೇ ಉಳಿಯಿತು! ಒಂದು ಕೈಯಲ್ಲಿ ಬೂಟು, ಒಂದು ಕೈಯಲ್ಲಿ ನಶ್ಯದ ಡಬ್ಬಿ ಹಿಡಿದು ನಮ್ಮ ಸಾಹೇಬರು ಊರು ಹೊಕ್ಕರು. ಹೊಲದಿಂದ ಬಂದ ರಾಮಪ್ಪನನ್ನು ನಾನು ಲಕ್ಷ್ಮಣನೆಂದೇ ತಿಳಿದೆ. ಹೊಟ್ಟೆ ಹೋಗಿತ್ತು, ಮುಖದಲ್ಲಿ ಕಳೆ ಬಂದಿತ್ತು.

"ಮೊದಲ ಎಂಟ ದಿನಾ ಮೈ ನುಗ್ಗಾಗಿ ಹೋಗಿತ್ರಿ. ಈಗ ಕುಂತ್ರ ನಿದ್ದಿ ಬರತೈತಿ, ನಿಂತ್ರ ಹಸಿವು ಆಕೈತಿ," ಎಂದು ನಕ್ಕ.

ಅವರ ಮನೆಯ ಕಟ್ಟೆಯ ಮೇಲೆಯೇ ಸೀಮೆಎಣ್ಣೆಯ ಸ್ಟವ್ ಹಚ್ಚಿದೆ. ಊರೆಲ್ಲ ನೆರೆಯಿತು. ಟ್ಯೂಬು ಕುದಿಯಿತು, ಗುಳ್ಳೆ ಎದ್ದವು, ನಾನು ಮನಸ್ಸಿನಲ್ಲಿಯೇ ಎಣಿಸಿದೆ. ನೀಲಿ! ಬಿಸಿಲಿಗೆ ಹಿಡಿದೆ. ಅಪ್ಪಟ ನೀಲಿ! ಡಾಕ್ಟರು ಬರಿಗಾಲಲ್ಲಿ ಕುಣಿದೇಬಿಟ್ಟರು. ನಾನೂ ಚಪ್ಪಾಳೆ ತಟ್ಟಿದೆ. ಏನಾಯಿತೆಂದು ತಿಳಿಯದಿದ್ದರೂ ಊರಿನವರೂ ತಟ್ಟಿದರು. ನನ್ನ ಇಡೀ ನೌಕರಿಯಲ್ಲಿ ಅಂಥ ಸಂತೋಷ ಮತ್ತೆ ಬರಲಿಲ್ಲ.

ಅವಳಿಗಳ ತಾಯಿ ಫಕೀರವ್ವ ನಮಗೆ ರೊಟ್ಟಿ ಬಡಿಸುತ್ತ ಒಂದು ಮಾತು ಕೇಳಿದಳು. "ಸಾಹೇಬ್ರ, ದೊಡ್ಡಾಂವ ಪ್ಯಾಟಿಗೆ ಹೋಗಿ ಬ್ಯಾನಿ ತಂದ, ಹೊಲಕ್ಕ ಬಂದು ಕಳಕೊಂಡ. ಈಗ ಸಣ್ಣಾವನ್ನ ಕಳಿಸೇನಿ. ಅವಗೇನೂ ಆಗೂದಿಲ್ಲ, ಹೌದಲ್ರಿ?"

ನಾವು ಓದಿದವರಿಗೆ ಹೊಳೆಯುವ ಮೊದಲೇ ಆ ಮುದುಕಿಗೆ ಹೊಳೆದಿತ್ತು ನೋಡಿ! ಡಾಕ್ಟರು ತುತ್ತು ನುಂಗಿ "ಏನೂ ಆಗೂದಿಲ್ಲವ್ವಾ, ನಾವಿಲ್ಲೇನು ನೋಡ್ಲಿಕ್ಕೆ?" ಎಂದರು.

ಚಕ್ಕಡಿಯಲ್ಲಿ ಮರಳುವಾಗ ನಾನೇ ಕೇಳಿದೆ, "ಖರೇನ್ರಿ ಸರ್, ಲಕ್ಷ್ಮಣಗ ಏನೂ ಆಗೂದಿಲ್ಲಾ?"

"ಆಗತದ, ಶಾಂತಾ. ಅಣ್ಣನ ಸ್ಟೂಲು, ಅಣ್ಣನ ಊಟ, ಅಣ್ಣನ ರಕ್ತ. ಇವತ್ತಲ್ಲ ನಾಳೆ ಆಗಲೇಬೇಕು. ಅವಗೂ ಆತಂದ್ರ, ರಕ್ತ ಒಂದ ಸಾಲೂದಿಲ್ಲ, ಇರೂ ರೀತಿನೂ ರೋಗಾ ತರತದ ಅನ್ನೂದು ಖರೇ ಆತು!"

"ಹಂಗಾರ ಅವಗ ಹೇಳೂದು ಬ್ಯಾಡೇನ್ರಿ?"

"ಹೇಳಿದ್ರ ಅಂಜಿ ಊರಿಗೆ ಓಡತಾನ, ನೌಕರಿ ಹೋಗತದ. ಇಲ್ಲಾಂದ್ರ ಉಣ್ಣೂದು ತಿನ್ನೂದು ಬದಲು ಮಾಡತಾನ. ಆಮ್ಯಾಲೆ ನಮಗ ಗೊತ್ತಾಗೂದು ಹ್ಯಾಂಗ? ಸುಮ್ಮನ ನೋಡೂಣು."

ಆ ಮಾತು ಕೇಳಿ ನನಗೆ ಅಸಹ್ಯವಾಯಿತು ಎಂದು ಬರೆದುಕೊಂಡರೆ ಈಗ ನನಗೆ ಮರ್ಯಾದೆ. ಆದರೆ ಆಗಲಿಲ್ಲ. ನನಗೂ ನೋಡಬೇಕೆನಿಸಿತು. ಮೈ ಜುಮ್ಮೆಂದಿತು.

ಏಕೆ ಹೀಗಾಗುತ್ತದೆಂದು ಆಗ ನಮಗೆ ತಿಳಿದಿರಲಿಲ್ಲ. ನಿವೃತ್ತಿಯಾದ ಮೇಲೆ ಧಾರವಾಡದಲ್ಲಿ ನಡೆದ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಮಾತಾಡಿದ ಹುಡುಗಿ ನನ್ನ ಮೊಮ್ಮಗಳ ವಯಸ್ಸಿನವಳು. ತಂದೆತಾಯಿಯಿಂದ ಬರುವ ಜೀನುಗಳು ಬದಲಾಗದಿದ್ದರೂ, ಯಾವುದು ಕೆಲಸ ಮಾಡಬೇಕು ಯಾವುದು ಸುಮ್ಮನಿರಬೇಕು ಎಂಬುದನ್ನು ಊಟ, ದುಡಿಮೆ, ನಿದ್ದೆ, ಚಿಂತೆ, ಇರುವ ಜಾಗ ಇವೆಲ್ಲ ಸೇರಿ ಹೆಚ್ಚುಕಡಿಮೆ ಮಾಡುತ್ತವೆ ಎಂದಳು. ಊರು ಬಿಟ್ಟು ಊರಿಗೆ ಹೋದವರ ಮೈಯಲ್ಲಿ ಇದು ಎದ್ದು ಕಾಣುತ್ತದಂತೆ. ಹಾರ್ಮೋನಿಯಂ ಪೇಟಿ ಅದೇ, ಬೆರಳಿನಿಂದ ಒತ್ತುವ ಮನೆಗಳು ಬೇರೆ ಎಂದು ನಾನು ಅರ್ಥ ಮಾಡಿಕೊಂಡೆ. ಕುರ್ಚಿಯಿಂದ ಎದ್ದು "ನಾನು ನೋಡೇನಿ! ಕಣ್ಣಾರೆ ನೋಡೇನಿ!" ಎಂದು ಕೂಗುವಷ್ಟು ಉಮೇದು ಬಂದಿತ್ತು. ಒಂದು ಮನೆಯ ಇಬ್ಬರಿಂದ ಲೋಕಕ್ಕೆಲ್ಲ ನಿಯಮ ಮಾಡಲಾಗದು, ಅದೂ ಗೊತ್ತು. ಆದರೂ ಏಳಬೇಕೆನಿಸಿತ್ತು. ಏಳದೆ ಇದ್ದದ್ದು ಲಕ್ಷ್ಮಣನ ನೆನಪಿನಿಂದ.

ಬದಲಿಯಾಗಿ ಬಂದ ಲಕ್ಷ್ಮಣ ಗಿರಣಿಯಲ್ಲಿ ಕಾಯಂ ಆದ. ಮದುವೆಯಾಯಿತು, ಎರಡು ಮಕ್ಕಳಾದವು. ವರ್ಷವರ್ಷವೂ ತಪಾಸಣೆಗೆ ಬಂದು ಬಾಟಲಿ ಇಟ್ಟು ಬೇವಿನ ಮರ ನೋಡುತ್ತಿದ್ದ. ವರ್ಷವರ್ಷವೂ ಅವನ ಹೊಟ್ಟೆ ಮುಂದೆ ಬರುತ್ತಿತ್ತು. ವರ್ಷವರ್ಷವೂ ಡಾಕ್ಟರು "ಏನಂತಾನ ನಮ್ಮ ಲಕ್ಷ್ಮಣ?" ಎನ್ನುತ್ತಿದ್ದರು, ನಾನು "ಇನ್ನೂ ನೀಲಿ ಇದ್ದಾನ್ರಿ" ಎನ್ನುತ್ತಿದ್ದೆ. ಇಬ್ಬರ ದನಿಯಲ್ಲೂ ಸ್ವಲ್ಪ ನಿರಾಸೆ. ಹೌದು, ನಿರಾಸೆಯೇ! ಈ ನಡುವೆ ಲ್ಯಾಬಿಗೆ ರಕ್ತದ ಸಕ್ಕರೆ ಅಳೆಯುವ ಹೊಸ ಉಪಕರಣ ಬಂತು, ನಾನು ತರಬೇತಿ ಮುಗಿಸಿ ಬಂದೆ. ಲಕ್ಷ್ಮಣನ ಬಾಟಲಿಯನ್ನು ಮಾತ್ರ ಹಳೆಯ ರೀತಿಯಲ್ಲೇ ಕುದಿಸುತ್ತಿದ್ದೆ, ಬಣ್ಣ ನೋಡುವ ಆಸೆಗೆ.

ಐದೋ ಆರೋ ವರ್ಷ ಕಳೆದಿತ್ತು. ಅಂದು ಬೆಳಿಗ್ಗೆ ಅವನ ಎಂಟು ಹನಿ ಹಾಕಿ ಉರಿಗೆ ಹಿಡಿದೆ. ನೀಲಿ ಕದಡಿತು. ಹಸಿರು. ಹಳದಿ. ಕಿತ್ತಳೆ. ಇಟ್ಟಿಗೆಯ ಕೆಂಪು! ನಾನು ಟ್ಯೂಬು ಮೇಲೆತ್ತಿ ಹಿಡಿದು ಬಾಗಿಲು ತೆರೆದು ಪಡಸಾಲೆಯ ತುಂಬ ಕೇಳುವ ಹಾಗೆ ಕೂಗಿದೆ:

"ಸರ್! ಬಂತ್ರೀ! ಲಕ್ಷ್ಮಣಂದು ಕೆಂಪು ಬಂತ್ರೀ ಸರ್!"

ಡಾಕ್ಟರು ನಗುನಗುತ್ತಲೇ ಹೊರಗೆ ಬಂದರು. ಆಗ ನೋಡಿದೆ. ಲಕ್ಷ್ಮಣ ಬೇವಿನ ಮರ ಬಿಟ್ಟು ಪಡಸಾಲೆಗೆ ಬಂದು ನಿಂತಿದ್ದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ನನ್ನ ಮುಖ ನೋಡಿದ. ನಾನು ಟ್ಯೂಬನ್ನು ಬೆನ್ನ ಹಿಂದೆ ಒಯ್ದೆ.

"ನಮ್ಮಣ್ಣಗ ಬಂದಿದ್ದ ಬ್ಯಾನಿ ಏನ್ರಿ?" ಎಂದ.

ಡಾಕ್ಟರು ತಲೆಯಾಡಿಸಿದರು. ನಗು ಇನ್ನೂ ಮುಖದಿಂದ ಪೂರ್ತಿ ಇಳಿದಿರಲಿಲ್ಲ.

"ಬರತೈತಿ ಅಂತ ನಿಮಗ ಗೊತ್ತಿತ್ತೇನ್ರಿ ಬಾಯಾರ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಗೊತ್ತಿತ್ತು, ಲಕ್ಷ್ಮಣ. ನಿಮ್ಮೂರಿಗೆ ಬಂದ ದಿನದಿಂದ ಗೊತ್ತಿತ್ತು" ಎಂದೆ.

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬಿಲ್ಲೆಯನ್ನು ಕೈಯಲ್ಲಿ ತಿರುಗಿಸುತ್ತ, ಮಾತು ಬಾರದವನೆಂದು ಅಣ್ಣ ಹೇಳಿದ್ದ ಆ ಮನುಷ್ಯ ಮೆಲ್ಲಗೆ ಹೇಳಿದ:

"ನೌಕರಿ ಬಿಡತಿರಲಿಲ್ರೀ ನಾ, ಅದಂತೂ ಸಾಧ್ಯ ಇದ್ದಿಲ್ಲ. ಆದ್ರ ದಿನಾ ಎಂಟು ಕಪ್ ಚಹಾ ಕುಡೀತೇನ್ರಿ, ಸಕ್ಕರಿ ಜಾಸ್ತಿ ಹಾಕಿಸಿ. ಒಂದ ಮಾತ ಹೇಳಿದ್ರ ಅದನ್ನ ಬಿಡತಿದ್ನೆಲ್ರಿ."